ಕೊನೆಯ ಹಾಡಿನ ಮೇಲಿನ ಸಾಲು

ವೇದಿಕೆಯ ಹಿಂದಿನ ಪೋಸ್ಟರಿನಲ್ಲಿ ತನ್ನದೇ ಮುಖ ಆಳೆತ್ತರಕ್ಕೆ ನಿಂತು ಹಲ್ಲು ಬಿಡುತ್ತಿದ್ದುದನ್ನು ಪೀಪಿಗೆ ನೋಡಲಾಗಲಿಲ್ಲ. ಹದಿನೈದರ ಹುಡುಗ, ಮೊದಲ ಆಲ್ಬಮ್, ಇವತ್ತೇ ಬಿಡುಗಡೆ. ಅವನ ಕೀಚಲು ದನಿಗೆ ಓಣಿಯವರು ಇಟ್ಟಿದ್ದ ಅಡ್ಡಹೆಸರನ್ನೇ ಆಡಿಯೋ ಕಂಪನಿಯ ಯಜಮಾನ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಹೆಸರೇನೋ ಪೀಪಿ. ಆದರೆ ಪೀಪಿ ಒಡೆದು ತಿಂಗಳುಗಳೇ ಆಗಿದ್ದವು.

ಸರಿಯಾಗಿ ಕೊನೆಯ ಹಾಡಿನ ರೆಕಾರ್ಡಿಂಗ್ ಹೊತ್ತಿಗೇ ಅವನ ದನಿ ಒಡೆದಿತ್ತು. ತಾರಸ್ಥಾಯಿಯ ಮೇಲಿನ ಸಾಲಿಗೆ ಏರಿದರೆ ಸಾಕು, ತುಕ್ಕು ಹಿಡಿದ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ಊಟದ ಡಬ್ಬಿ ತಂದಿದ್ದ ಅಕ್ಕನನ್ನು ರೆಕಾರ್ಡಿಂಗ್ ಮಾಡುವವನು ಗಾಜಿನ ಕೋಣೆಯೊಳಗೆ ಕರೆದ. "ಇವನಿಗೆ ಹೇಳ್ಕೊಟ್ಟಿದ್ದು ನೀನೇ ಅಂತಲ್ಲಮ್ಮ? ಒಂದ್ಸಲ ಹಾಡಿ ತೋರ್ಸು, ಕೇಳ್ಕೊಂಡು ಹಾಡ್ಲಿ."

ಲಾಂಡ್ರಿಯಲ್ಲಿ ಇಸ್ತ್ರಿ ಉಜ್ಜುತ್ತಲೇ ತಮ್ಮನಿಗೆ ಹಾಡು ಕಲಿಸಿದವಳು ಅಕ್ಕ. ಕಣ್ಣು ಮುಚ್ಚಿ ಹಾಡಿದಳು, ಕೆಲಸಕ್ಕೆ ತಡವಾಯಿತೆಂದು ಓಡಿದಳು. ಅವಳ ಹಿಂದೆ ಬಾಗಿಲು ಮುಚ್ಚಿತೋ ಇಲ್ಲವೋ, ಯಜಮಾನ ಬಾಯಿ ಬಿಟ್ಟ.

"ಅವಳು ಹಾಡಿದ್ದು ರೆಕಾರ್ಡ್ ಆಗಿದ್ಯಲ್ಲ, ಇದನ್ನೇ ಇಟ್ಬಿಡು. ಒಂದೇ ಹೊಟ್ಟೇಲಿ ಹುಟ್ಟಿದ ಗಂಟಲು, ಯಾವನಿಗೆ ಗೊತ್ತಾಗುತ್ತೆ? ಏನಪ್ಪಾ ಸ್ಟಾರು?"

ಸ್ಟಾರು ತಲೆಯಾಡಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಈಗ ಅದೇ ಹಾಡು ಸಭಾಂಗಣದ ತುಂಬ ಮೊಳಗಿತು. ಅಕ್ಕನೇ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಪೀಪಿ ಬರಿದೇ ಬಾಯಾಡಿಸಿದ. ಚಪ್ಪಾಳೆ ನಿಲ್ಲುವ ಮೊದಲೇ ಅಕ್ಕ ವೇದಿಕೆಯ ಅಂಚಿಗೆ ಓಡಿ ಬಂದಳು.

"ಲೋ, ಆ ಮೇಲಿನ ಸಾಲು! ಮೈ ಜುಮ್ ಅಂತು ಕಣೋ. ನಂದೂ ಇದೆ ಗಂಟಲು, ಹರಿದ ತಗಡು!"

ತನ್ನ ದನಿಯನ್ನು ಅವಳು ಹೊರಗಿನಿಂದ ಯಾವತ್ತೂ ಕೇಳಿದವಳಲ್ಲ. ಈಗ ಕೇಳಿದರೂ ಗುರುತು ಹತ್ತಲಿಲ್ಲ. ಹೆಮ್ಮೆಯಿಂದ ಹಿಂದಿನ ಸಾಲಿಗೆ ಹೋಗಿ ನಿಂತಳು. ಪೀಪಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಪತ್ರಕರ್ತೆಯೊಬ್ಬಳು ಎದ್ದಳು. "ಮ್ಯೂಸಿಕ್ ಇಲ್ದೆ ಆ ಸಾಲು ಒಂದ್ಸಲ ಹಾಡಪ್ಪಾ."

ಯಜಮಾನನ ನಗು ಮುಖದಲ್ಲೇ ಒಣಗಿತು. ಪೀಪಿ ಬಾಯಿ ತೆರೆದ. ಕಿರ್ರ್!

"ಪೀಪಿಗೆ ನೀರು ಹೊಕ್ಕಿದೆ!" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ಆಗ ಹಿಂದಿನಿಂದ ಆ ಸಾಲು ಎದ್ದಿತು. ಲಾಂಡ್ರಿಯಲ್ಲಿ ತಮ್ಮ ಎಡವಿದಾಗಲೆಲ್ಲ ಅಕ್ಕ ತಲೆ ಎತ್ತದೆಯೇ ಎತ್ತಿಕೊಡುತ್ತಿದ್ದಳಲ್ಲ, ಅದೇ ಅಭ್ಯಾಸ. ನಗು ನಿಂತಿತು. ಪತ್ರಕರ್ತೆ ಹಿಂದೆ ತಿರುಗಿ ನೋಡಿದಳು, ಪೋಸ್ಟರ್ ನೋಡಿದಳು, ಆಮೇಲೆ ಹುಡುಗನನ್ನು ನೋಡಿದಳು. ತುಂಬಿದ ಸಭೆಯಲ್ಲಿ ಉಟ್ಟದ್ದು ಜಾರಿದಂತಾಯಿತು ಅವನಿಗೆ.

"ಅಯ್ಯೋ, ತಪ್ಪಾಯ್ತು!" ಅಕ್ಕ ಬಾಯಿ ಮುಚ್ಚಿಕೊಂಡಳು.

ಯಜಮಾನ ಮೈಕು ಕಸಿದುಕೊಂಡ. "ನೋಡಿದ್ರಾ! ಅಕ್ಕಾನೂ ತಮ್ಮನ ಫ್ಯಾನು! ಕೇಳಿ ಕೇಳಿ ಅವನ ಥರಾನೇ ಹಾಡ್ತಾಳೆ! ಅಲ್ವೇನೋ?"

ಮೈಕು ಪೀಪಿಯ ಬಾಯಿಗೆ ಬಂತು. ಅದು ಅವಳದೇ ದನಿ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಮಾತು. ಪೀಪಿ ಹಲ್ಲು ಗಿಂಜಿದ.

"ಹೌದು ಸಾರ್."

ಪೀಪಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಅಕ್ಕ ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು. "ತುಂಬಿದ ಸಭೇಲಿ ನಿನ್ನ ಮಾನ ಕಳೆದ್ಬಿಟ್ಟೆ ಕಣೋ."

"ಅಕ್ಕಾ, ಅದು ನೀನೇ. ಡಬ್ಬಿ ತಂದ ದಿನ ಹಾಡಿದ್ಯಲ್ಲ, ಅದನ್ನೇ ಹಾಕಿದ್ದಾರೆ."

ಅವಳು ಅಳುಗಣ್ಣಲ್ಲೇ ನಕ್ಕಳು. "ಹೋಗೋ! ನನ್ನ ಸಮಾಧಾನಕ್ಕೆ ಅಂತ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯ."

"ನಿಜ ಅಕ್ಕಾ, ಆಣೆ."

"ನಿಜ ಆಗಿದ್ರೆ ಅಲ್ಲೇ ಹೇಳ್ತಿರ್ಲಿಲ್ವಾ? ನನ್ನ ತಮ್ಮ ಅಂಥವನಲ್ಲ." ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಬಗ್ಗಿಸಿದಳು. "ತಗೋ, ಬಿಸಿನೀರು. ಗಂಟಲು ಹಾಳು ಮಾಡ್ಕೋಬೇಡ."

ಒಳಗೆ ಹಾಡನ್ನು ಮತ್ತೆ ಹಾಕಿದರು. ಮೇಲಿನ ಸಾಲು ಬರುತ್ತಲೇ ಅಕ್ಕ ಅವನ ಮೊಣಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಶ್, ಕೇಳು," ಎಂದಳು.

ಪೀಪಿ ಕೇಳಿದ. ಬಿಸಿನೀರಿನ ಮುಚ್ಚಳವನ್ನು ಕುಡಿಯದೆಯೇ ಮೆಟ್ಟಿಲ ಮೇಲಿಟ್ಟ.