ಮರಗಳಿಗೆ ಯಾಕೆ ಕಕ್ಕಸು

“ಕಣ್ಣು ಬಿಟ್ಟು ನೋಡೇ, ಕತ್ತೆ ಮುಂಡೇದೆ. ಇದರಲ್ಲಿ ಎಲ್ಲಿದೆ ನಿನ್ನ ಕೇರಿ?”

ಇಂಜಿನಿಯರ್ ಸಾಹೇಬರು ಗೋಡೆಯಗಲದ ಪರದೆಗೆ ಕೋಲಿನಿಂದ ಕುಟ್ಟಿದರು. ಅದು ನಮ್ಮೂರಿನ ಅವಳಿಯಂತೆ. ಬೀದಿ, ಚರಂಡಿ, ದೀಪದ ಕಂಬ ಎಲ್ಲ ಕಂಪ್ಯೂಟರಿನೊಳಗೆ ಇನ್ನೊಂದು ಸಲ ಹುಟ್ಟಿದ್ದವು. ನಮ್ಮ ಅರವತ್ತು ಮನೆ ಇರಬೇಕಾದ ಜಾಗದಲ್ಲಿ ಮಾತ್ರ ಮರಗಳಿದ್ದವು. ಸೋರುವ ಸೂರಿಗೆಲ್ಲ ನಾವು ಹಸಿರು ಟಾರ್ಪಾಲು ಹೊದಿಸಿದ್ದೆವು. ಮೇಲಿಂದ ಫೋಟೊ ತೆಗೆದ ಯಂತ್ರ ಅದನ್ನು ತೋಪು ಅಂದುಕೊಂಡಿತ್ತು.

“ಅದು ಟಾರ್ಪಾಲು ಸಾರ್,” ಎಂದೆ. “ಅದರ ಕೆಳಗೆ ನನ್ನ ಸೊಸೆ ಹಸಿ ಬಾಣಂತಿ ಮಲಗಿದಾಳೆ.”

“ಕಂಪ್ಯೂಟರ್ ಸುಳ್ಳು ಹೇಳಲ್ಲ. ಮರಗಳಿಗೆ ಯಾಕೆ ಕಕ್ಕಸು? ಸೋಮವಾರ ಒಡೀತೀವಿ. ಅಲ್ಲಿ ಪಾರ್ಕ್ ಬರುತ್ತೆ.”

ಇಡೀ ಕೇರಿಗೆ ಇದ್ದದ್ದು ಅದೊಂದೇ ಕಕ್ಕಸು.

ಹೊರಗೆ ಬಂದಾಗ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ ಗುಟ್ಟಾಗಿ ಹೇಳಿದಳು. ಬೀದಿ ಗುಡಿಸುವ ನಮ್ಮ ನಲವತ್ತು ಜನರ ಕೈಗೆ ಕಚೇರಿಯವರು ಕಟ್ಟಿದ ಗಡಿಯಾರವೇ ಕೆಲಸದ ಹೊತ್ತಿನಲ್ಲಿ ಆ ಪರದೆಯಲ್ಲಿ ಕೆಂಪು ಚುಕ್ಕಿಯಾಗಿ ಓಡಾಡುತ್ತದೆ. ಚುಕ್ಕಿಗಳು ಎಲ್ಲಿ ಗುಂಪಾಗಿ ಹೊತ್ತು ಕಳೆಯುತ್ತವೋ ಅಲ್ಲಿ ಕಕ್ಕಸು ಕಟ್ಟಿ ಎಂದು ಕಂಪ್ಯೂಟರೇ ಹೇಳುತ್ತದೆ.

ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಗಡಿಯಾರವನ್ನೂ ಕಟ್ಟಿಕೊಂಡು ಗುಡಿಸುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ನನ್ನ ನಾದಿನಿ ಒಮ್ಮೆ ಮೊಣಕೈವರೆಗೆ ಏಳು ಕಟ್ಟಿ ಮದುಮಗಳ ಹಾಗೆ ಮೆರೆದಿದ್ದಳು. ಈ ಸಲ ನಲವತ್ತೂ ಗಡಿಯಾರ ನನ್ನ ಕಸದ ಗಾಡಿಗೆ ಬಿದ್ದವು. ಇಂಜಿನಿಯರರ ಬೀದಿ ನನ್ನ ಪಾಲಿನದು. ನಾಲ್ಕು ದಿನ ಬೆಳಿಗ್ಗೆ ಅವರ ಗೇಟಿಗೇ ಗಾಡಿ ಒರಗಿಸಿ ಗುಡಿಸಿದೆ.

ಶನಿವಾರ ಪರದೆಯೊಳಗಿನ ಅವಳಿ ಊರನ್ನು ನೋಡಲು ದೊಡ್ಡ ಸಾಹೇಬರು ಪರವೂರಿನ ಹತ್ತು ಜನರನ್ನು ಕರೆತಂದರು. ನೆಲ ಒರೆಸಲು ನನ್ನನ್ನು ಕರೆದಿದ್ದರು. ಪರದೆ ಬೆಳಗಿತು. ಊರಿನ ನಡುವೆ ಒಂದು ಮನೆಯ ಮೇಲೆ ಕುರುವಿನಂತೆ ಕೆಂಪು ಊದಿಕೊಂಡಿತ್ತು. ಕೆಳಗೆ ಬರೆದಿದ್ದನ್ನು ಒಬ್ಬರು ಗಟ್ಟಿಯಾಗಿ ಓದಿದರು: ‘ಸಾರ್ವಜನಿಕ ಶೌಚಾಲಯ, ಹನ್ನೆರಡು ಸೀಟು, ತುರ್ತು.’

“ಯಾರದ್ರೀ ಈ ಮನೆ?” ದೊಡ್ಡ ಸಾಹೇಬರು ಕೇಳಿದರು.

“ನಮ್ದೇ ಸಾರ್,” ಇಂಜಿನಿಯರ್ ಬೆವರಿದರು. “ಕಂಪ್ಯೂಟರ್ ಏನೋ ತಪ್ಪು ತೋರಿಸ್ತಿದೆ.”

“ಅದು ಸುಳ್ಳು ಹೇಳಲ್ಲವಂತೆ ಸಾರ್,” ಬಟ್ಟೆ ಹಿಂಡುತ್ತಾ ಎಂದೆ. “ಅವರೇ ಹೇಳಿದ್ರು.”

ಬಂದವರು ನಕ್ಕರು. ದೊಡ್ಡ ಸಾಹೇಬರು ನಗಲಿಲ್ಲ. “ಆ ಕೆಂಪು ಅಳಿಸ್ರೀ,” ಎಂದರು. “ಸೋಮವಾರದ ಕೆಲಸ ನಿಲ್ಲಬಾರದು.”

ನಿಲ್ಲಲಿಲ್ಲ. ಸೋಮವಾರ ನಸುಕಿಗೇ ಯಂತ್ರ ಬಂದು ನಮ್ಮ ಕಕ್ಕಸನ್ನು ಎರಡೇ ಏಟಿಗೆ ಕೆಡವಿ ಹೋಯಿತು.

ನಾವು ನಲವತ್ತು ಜನ ಅವರವರ ಗಡಿಯಾರ ಅವರವರೇ ಕಟ್ಟಿಕೊಂಡು, ಕೈಯಲ್ಲೊಂದು ಚೊಂಬು ಹಿಡಿದು ಹೊರಟೆವು. ಎಲ್ಲರ ಮುಂದೆ ಕೂಸನ್ನೆತ್ತಿಕೊಂಡ ನನ್ನ ಸೊಸೆ. ಕರೆಗಂಟೆಗೆ ಇಂಜಿನಿಯರೇ ಬಾಗಿಲು ತೆಗೆದರು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು.

“ಏನೇ ಇದು? ಎಲ್ಲಿಗೆ ಬಂದ್ರಿ?”

“ಹನ್ನೆರಡು ಸೀಟು ಕಟ್ಟೋತನಕ ಒಳಗಿರೋ ಒಂದರಲ್ಲೇ ಸುಧಾರಿಸ್ಕೋತೀವಿ ಸಾರ್,” ಎಂದೆ.

ಸೊಸೆ ಅಷ್ಟರಲ್ಲಿ ಕೂಸನ್ನು ಅವರ ತೋಳಿಗೆ ದಾಟಿಸಿದ್ದಳು. “ಒಂದ್ನಿಮಿಷ ಹಿಡ್ಕೊಳ್ಳಣ್ಣ. ಕುತ್ತಿಗೆ ಇನ್ನೂ ನಿಂತಿಲ್ಲ, ಹುಷಾರು.” ಚೊಂಬಿನ ಸಮೇತ ಒಳಗೆ ನಡೆದೇಬಿಟ್ಟಳು.

ಸಾಹೇಬರು ಕೂಸಿನ ತಲೆಗೆ ಕೈಯಾನಿಸಿ ಅಲ್ಲಾಡದೆ ನಿಂತರು. ಗಲ್ಲದ ಮೇಲೆ ನೊರೆ ಇಳಿಯುತ್ತಿತ್ತು.

“ಬೇಗ ಮುಗಿಸೇ ತಾಯಿ,” ನಾದಿನಿ ಸಾಲಿನ ತುದಿಯಿಂದ ಕೂಗಿದಳು. “ಹಿಂದೆ ನಲವತ್ತು ಜನ ಇದೀವಿ.”