ಕಾರಣವಿಲ್ಲದೆ

ಮತ್ತೆ ಆ ಹಳದಿ ಹೆಲ್ಮೆಟ್ಟು, ಎದುರು ಕಟ್ಟಡದ ಗಾಜಿನ ಮೇಲೆ ಹಗ್ಗದಲ್ಲಿ ಇಳಿಯುತ್ತಿರುವ ಹಳದಿ ಚುಕ್ಕೆ, ಅದು ಅವಳ ಗಂಡ, ನೋಡಬಾರದು, ಓದಬೇಕು, ಪ್ಯಾನಿಕ್, ಅಲ್ಪವಿರಾಮ, ನಾಮಪದ, ಅಲ್ಪವಿರಾಮ — ನಿಘಂಟಿನ ಕರಡು ತಿದ್ದುವ ಪದ್ಧತಿಯೇ ಹಾಗೆ, ಅವಳು ಚಿಹ್ನೆಗಳನ್ನೂ ಬಿಡದೆ ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಮೇಷ್ಟ್ರು ಮೂಲಪ್ರತಿಯ ಮೇಲೆ ಬೆರಳಾಡಿಸುತ್ತ ಹೋಗಬೇಕು — ಗ್ರೀಕರ ಪ್ಯಾನ್ ದೇವತೆಯಿಂದ ಬಂದದ್ದು, ಆಡಿನ ಕಾಲು, ಆಡಿನ ಕೊಂಬು, ನಡುಮಧ್ಯಾಹ್ನ ಬೆಟ್ಟದಲ್ಲಿ ಎಲ್ಲೋ ಮರೆಯಲ್ಲಿದ್ದು ಸದ್ದು ಮಾಡುತ್ತಾನಂತೆ, ಮಂದೆಗೆ ಮಂದೆಯೇ ದಿಕ್ಕಾಪಾಲಾಗುತ್ತದಂತೆ, ಓಡುವುದಾದರೂ ವಾಸಿ, ಇವನು ಓಡಲೂ ಇಲ್ಲ, ಹೋದ ತಿಂಗಳು ಹಗ್ಗದಲ್ಲೇ ಮರಗಟ್ಟಿ ಹೋದ, ಮದುವೆಗೆ ಮುಂಚಿನಿಂದ ಗಾಜು ಒರೆಸಿದ ಕೈ, ಹಗ್ಗ ಬಿಡಲೊಲ್ಲದು, ಮೇಲಿಂದ ಎಳೆದುಕೊಂಡರು, ಎದೆಗೆ ವೈರು ಅಂಟಿಸಿ ನೋಡಿದ ಡಾಕ್ಟರು ಏನೂ ಇಲ್ಲಮ್ಮ, ಬರೀ ಪ್ಯಾನಿಕ್ ಅಷ್ಟೆ. ಬರೀ ಅಂತೆ, ಅಷ್ಟೆ ಅಂತೆ, ಆ ಪುಣ್ಯಾತ್ಮನನ್ನೇ ಒಂದು ಸಲ ಕಟ್ಟಿ ಇಳಿಬಿಡಬೇಕಿತ್ತು.

ಬೆಳಿಗ್ಗೆ ಕಾಫಿ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ, ಬೇಡ ಕಣ್ರೀ ಇವತ್ತು, ಇವತ್ತೂ ಬೇಡ ಅಂದ್ರೆ ಇನ್ಮೇಲೆ ಕೆಳಗೇ ಕೂರಿಸ್ತಾರೆ ಕಣೇ, ಬಕೆಟ್ ತುಂಬಿಸೋಕೆ, ಅಲ್ಲಮ್ಮಾ ಎಲ್ಲಿಗೆ ಬಂದೆ, ಮೇಷ್ಟ್ರ ಬೆರಳು ಕಾಯುತ್ತಿದೆ, ಕಾರಣವಿಲ್ಲದೆ ಹಠಾತ್ತನೆ ಹುಟ್ಟುವ — ಕಾರಣವಿಲ್ಲದೆ? ಯಾವನು ಬರೆದದ್ದು ಇದನ್ನ, ಮಂದೆಯನ್ನ ಕೇಳಿದ್ರಂತಾ ಮೇಷ್ಟ್ರೇ, ನನಗೇನಮ್ಮ ಗೊತ್ತು, ಇದ್ದದ್ದನ್ನ ಓದು, ಓದುತ್ತಾಳೆ, ಚುಕ್ಕೆ ನಿಂತಿದೆ, ಪಕ್ಕದ ಹಗ್ಗದವನು ಆಗಲೇ ಕೆಳಗಾದ, ಇವನು ಅಲ್ಲೇ, ಒಂಬತ್ತನೇ ಮಹಡಿ, ಕೈಯಲ್ಲಿ ಬಟ್ಟೆಯಿಲ್ಲ, ಅಂಗೈ ಗಾಜಿಗೆ ಅಂಟಿದೆ, ಉಜ್ಜುತ್ತಿಲ್ಲ, ಅಲ್ಪವಿರಾಮ, ಅಂಗೈ, ಅಲ್ಪವಿರಾಮ, ಅಯ್ಯೋ ಮೇಷ್ಟ್ರೇ ನೀವೇ ಓದ್ಕೊಳ್ಳಿ, ಮೆಟ್ಟಿಲು, ರಸ್ತೆ, ಹಾರ್ನು, ಯಾರಮ್ಮ ನೀವು, ಪಾಸ್ ಎಲ್ಲಿ, ನನ್ನ ಗಂಡ ಕಣಪ್ಪ, ಗಾಜಿನ ಹೊರಗಿದಾನೆ, ಲಿಫ್ಟಿನ ಅಂಕಿಗಳು ತೆವಳುತ್ತವೆ, ಅಂಗೈ, ಯಾರದೋ ಆಫೀಸು, ಟೈಪು ಮಾಡುವವರ ಬೆನ್ನುಗಳು, ಒಬ್ಬರೂ ತಲೆಯೆತ್ತಿಲ್ಲ, ಅವರ ಪಕ್ಕದಲ್ಲೇ, ಕೈಯಳತೆಯಲ್ಲಿ ಅವನು, ಬಿಗಿಯಾಗಿ ಮುಚ್ಚಿದ ಕಣ್ಣು, ಬೆವರಿನ ಅಚ್ಚು ಬಿದ್ದ ಗಾಜು, ಟಕಟಕ ಬಡಿಯುತ್ತಾಳೆ, ರೀ, ನಾನು ಕಣ್ರೀ, ಎಲ್ಲಿ ಕೇಳಬೇಕು, ತನ್ನ ಅಂಗೈಯನ್ನು ಅವನದರ ಮೇಲಿಟ್ಟು ಒತ್ತುತ್ತಾಳೆ, ಭಯವಾಗುತ್ತಿದೆ ಅವಳಿಗೆ, ಕಾರಣ ಬೇಕಾದಷ್ಟಿದೆ, ಅವನು ಕಣ್ಣು ತೆರೆಯುವುದಿಲ್ಲ, ಅಂಗೈ ಮಾತ್ರ ಒಂದಿಷ್ಟು ಸರಿದು ಅವಳದಕ್ಕೆ ನೇರವಾಗಿ ಕೂರುತ್ತದೆ, ಅಂಗೈ, ಗಾಜು, ಅಂಗೈ