ಬಳೆ ತೊಡಿಸುವ ಮೊದಲು ಆಡಬೇಕಾದ ಮಾತು

ಹಲಸೂರಿನ ಸೋಮೇಶ್ವರನ ಗುಡಿ ಬೀದಿಯಲ್ಲಿ ಅಂಜಿನಮ್ಮನ ಬಳೆ ಅಂಗಡಿ. ಬಿಸಿಲು ಗಾಜಿನ ಮೇಲೆ ಬಿದ್ದರೆ ಎದುರು ಗೋಡೆಯ ಮೇಲೆ ಹಸಿರು, ಕೆಂಪು ನೀರು ಹರಿದಂತೆ ಕಾಣುತ್ತಿತ್ತು. ಮಹಾಯುದ್ಧ ಶುರುವಾದ ಮೇಲೆ ಹೊಸ ಮಾಲು ಬರುವುದೇ ಅಪರೂಪ. ಒಂದೊಂದು ಬಳೆಯನ್ನೂ ಅವಳು ಹೂವಿನಂತೆ ಎತ್ತಿಡುತ್ತಿದ್ದಳು.

ಆ ಬೆಳಿಗ್ಗೆ ಮಾತ್ರ ಹಲಗೆ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಲೇಸು, ರಿಬ್ಬನ್ನು ಮಾರುವ ಸಾಲೇಹಾ ಇಣುಕಿದಳು.

"ಏನಮ್ಮಾ, ಬಳೆಗಳಿಗೆ ಇನ್ನೂ ನಿದ್ದೇನಾ?"

"ರಾಮಲಕ್ಷ್ಮಮ್ಮ ಬರ್ತಾರಂತೆ ಸಾಲೇಹಕ್ಕ. ನಾಳಿದ್ದು ಅವರ ಮಗಳ ಬಳೆ ಶಾಸ್ತ್ರ. ಹೋದ್ಸಲದ ರಂಪ ನೀನೂ ನೋಡಿದ್ಯಲ್ಲ."

ಹೋದ ಸಲ ರಾಮಲಕ್ಷ್ಮಮ್ಮ ತಮ್ಮ ಕೈಗೆ ಸಣ್ಣ ಅಳತೆಯ ಬಳೆಯೇ ಬೇಕೆಂದು ಹಟ ಹಿಡಿದಿದ್ದರು. ಬಳೆ ತೊಡಿಸುವಾಗ ಒಡೆಯುವ ಮಾತು ಆಡುವುದು ಅಪಶಕುನವೆಂದು ಅಂಜಿನಮ್ಮ ಬಾಯಿ ಬಿಡಲಿಲ್ಲ. ಗೆಣ್ಣಿನ ಹತ್ತಿರ ಬಂದ ಬಳೆಗಳು ಒಂದರ ಹಿಂದೊಂದು ಚೂರಾದವು. "ಹಳೇ ಮಾಲು ಕೊಟ್ಟು ಮೋಸ ಮಾಡ್ತೀಯಾ?" ಎಂದು ಅವರು ಬೀದಿಗೆಲ್ಲ ಕೇಳುವಂತೆ ಕೂಗಿದ್ದರು. ಮದುವೆ ಮನೆಯಲ್ಲೂ ಹಾಗೇ ಆದರೆ, ಆ ಬೀದಿಯ ಯಾವ ಹೆಣ್ಣೂ ಅಂಜಿನಮ್ಮನ ಮುಂದೆ ಮತ್ತೆ ಕೈ ಚಾಚುವುದಿಲ್ಲ.

"ಹಾಗಂತ ಗಿರಾಕಿಗೆ ಇಲ್ಲ ಅನ್ನೋಕಾಗುತ್ತಾ ಅಕ್ಕ?"

"ಅರೆ, ಯಾಕಾಗಲ್ಲ? ಮೊದ್ಲು ಗುರುತು ಹಿಡಿ. ನನ್ನ ಹತ್ರ ಒಬ್ಬಳು ಬೆವರಿನ ಕಲೆ ಹತ್ತಿದ ಲೇಸು ತಂದು ವಾಪಸ್ ತಗೋ ಅಂದ್ಳು. ಮೊದ್ಲು ಬಣ್ಣ ಬಿಡ್ತು ಅಂದ್ಳು, ಆಮೇಲೆ ಉದ್ದ ಕಮ್ಮಿ ಅಂದ್ಳು. ಹಾಗೆ ಮಾತು ಬದಲಾಯಿಸೋರಿಗೆ ನನ್ನದು ಒಂದೇ ಮಾತು. ತೊಟ್ಟಿದ್ದು ವಾಪಸ್ಸಿಲ್ಲ ತಾಯಿ, ಸಲಾಂ."

"ಇವರೂ ಅಂಥವರೇನಾ?"

"ಅಲ್ಲ. ನೀನು ಕೈ ಹಿಡಿದಾಗೆಲ್ಲ ಸೆರಗಿನೊಳಗೆ ಎಳ್ಕೊಳ್ತಿದ್ರು. ಗೆಣ್ಣು ದಪ್ಪ ಆಗಿದೆ, ನಾಲ್ಕು ಜನರ ಮುಂದೆ ನಾಚಿಕೆ. ಆ ನಾಚಿಕೇನೇ ಕೋಪ ಆಗಿ ಬರೋದು."

"ಮದುವೆ ಹೆಣ್ಣಿನ ತಾಯಿಗೆ ಒಡೆಯುತ್ತೆ ಅಂತ ಹೇಗೆ ಹೇಳ್ಲಿ?"

"ನೀನ್ಯಾಕೆ ಹೇಳ್ತೀಯ? ಅಳತೆ ಬಳೆ ಕೈಗೆ ಕೊಡು. ಅದೇ ಹೇಳುತ್ತೆ."

ಅಷ್ಟರಲ್ಲಿ ರಾಮಲಕ್ಷ್ಮಮ್ಮ ಬಂದೇಬಿಟ್ಟರು. ಸಾಲೇಹಾ ತನ್ನ ಅಂಗಡಿಗೆ ಸರಿದಳು. "ಏನೇ, ನನ್ನ ಕಂಡು ಬಾಗಿಲು ಹಾಕ್ಕೊಂಡ್ಯಾ?"

"ಒಳಗೆ ಬನ್ನಿ ಅಮ್ಮ. ಹೋದ್ಸಲ ನಿಮಗೆ ಬೇಜಾರಾಯ್ತು. ಏನಿದ್ರೂ ಹೇಳಿ, ಕೇಳ್ತೀನಿ."

ಅವರು ಹೇಳಿದರು, ಚೆನ್ನಾಗಿಯೇ ಹೇಳಿದರು. ಅಂಜಿನಮ್ಮ ನಡುವೆ ಬಾಯಿ ಹಾಕಲಿಲ್ಲ. ಬೈಗುಳ ತಾನಾಗಿ ಬತ್ತಿದ ಮೇಲೆ ಪರದೆ ಎಳೆದು, ಹಿತ್ತಾಳೆಯ ಅಳತೆ ಬಳೆಗಳನ್ನು ಅವರ ಮಡಿಲಿಗಿಟ್ಟಳು.

"ನೀವೇ ಹಾಕಿ ನೋಡಿ. ಇಲ್ಲಿ ಯಾರೂ ಇಲ್ಲ."

ಸಣ್ಣದು ಗೆಣ್ಣಿನಲ್ಲೇ ನಿಂತಿತು. ದೊಡ್ಡದು ಸಲೀಸಾಗಿ ಇಳಿಯಿತು. ರಾಮಲಕ್ಷ್ಮಮ್ಮ ಕೈಯನ್ನೇ ನೋಡುತ್ತ ಕೂತರು. "ಮದುವೆಯಾದ ಹೊಸದರಲ್ಲಿ ಸಣ್ಣದೇ ಆಗ್ತಿತ್ತು ಕಣೆ."

"ನಂದೂ ಹಾಗೇ ಅಮ್ಮ. ನಮ್ಮ ಯಜಮಾನ್ರು ನನ್ನ ಕೈನ ಸೌಟು ಅಂತಾರೆ."

ಅವರಿಗೆ ನಗು ಬಂತು. ಅಂಜಿನಮ್ಮ ಉಳಿದುದನ್ನೂ ಹೇಳಿದಳು. "ಈಗ್ಲೇ ಹೇಳ್ಬಿಡ್ತೀನಿ ಅಮ್ಮ. ಅಳತೆ ಬಳೆ ಯಾವುದು ಇಳಿಯುತ್ತೋ ಅದನ್ನೇ ತೊಡಿಸ್ತೀನಿ. ಗೆಣ್ಣು ದಾಟೋವರೆಗೂ ಬಳೆ ನಂದು, ನಷ್ಟ ಆದ್ರೂ ನಂದೇ. ದಾಟಿದ್ಮೇಲೆ ನಿಮ್ದು. ಸಣ್ಣದೇ ಬೇಕು ಅಂದ್ರೆ ನನ್ನ ಕೈಲಾಗಲ್ಲ."

ರಾಮಲಕ್ಷ್ಮಮ್ಮ ದುರುಗುಟ್ಟಿ ನೋಡಿದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು. "ನಾಳಿದ್ದು ಬೇಗ ಬಾ. ನನ್ನ ಅಳತೆ ಮಾತ್ರ ಕೂಗ್ಬೇಡ. ಬೀಗಿತ್ತೀದು ಬೇಕಾದ್ರೆ ಕೂಗು."

ಶಾಸ್ತ್ರದ ದಿನ ಒಂದು ಬಳೆಯೂ ಚೂರಾಗಲಿಲ್ಲ. ಸಾಲು ಹಿಡಿದು ಕೂತ ಹೆಂಗಸರು ಒಬ್ಬೊಬ್ಬರಾಗಿ ಅಂಜಿನಮ್ಮನ ಮುಂದೆ ಕೈ ಚಾಚಿದರು.

ಅಂಗಡಿ ನಡೆಸುವ ಅಕ್ಕತಂಗಿಯರೇ, ಸಿಡುಕುವ ಗಿರಾಕಿಯ ಮಾತನ್ನು ಮೊದಲು ಪೂರ್ತಿ ಕೇಳಿ. ನೊಂದು ಕೂಗುವವರು ಯಾರು, ಕೂಗಿ ಗಿಟ್ಟಿಸಿಕೊಳ್ಳುವವರು ಯಾರು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ನೊಂದವರನ್ನು ನಾಲ್ಕು ಜನರಿಂದ ಮರೆಗೆ ಕರೆದು ಮಾತಾಡಿಸಿ. ಗಿಟ್ಟಿಸಲು ಬಂದವರಿಗೆ ಕೈಮುಗಿದು ಇಲ್ಲವೆನ್ನಿ. ನಿಮ್ಮ ಅಂಗಡಿಯ ಕಟ್ಟಳೆ ಏನಿದ್ದರೂ ಕೆಲಸಕ್ಕೆ ಕೈ ಹಚ್ಚುವ ಮೊದಲೇ ಹೇಳಿಬಿಡಿ. ನಾಳೆ ಬೆಳಿಗ್ಗೆ ಬರುವ ಮೊದಲ ಗಿರಾಕಿಯಿಂದಲೇ ಶುರು ಮಾಡಿ ನೋಡಿ.